ಕಂಡವನ ಪಾಲು

ದೊಮ್ಮಲೂರಿನಲ್ಲಿ 335ಇ ಬಸ್ಸು ಹತ್ತಿ ಕಿಟಕಿ ಪಕ್ಕದ ಸೀಟು ಸಿಕ್ಕಿತೆಂದರೆ, ಹಳೇ ಏರ್‌ಪೋರ್ಟ್ ರಸ್ತೆಯ ಟ್ರಾಫಿಕ್ಕು ಗೋಡೆ ಓದುವುದಕ್ಕೆ ಬೇಕಾದಷ್ಟು ಪುರುಸೊತ್ತು ಕೊಡುತ್ತದೆ. ಮುರುಗೇಶಪಾಳ್ಯ ದಾಟುತ್ತಲೇ ಬೇಕರಿ, ಮೊಬೈಲ್ ಅಂಗಡಿ, ಆಸ್ಪತ್ರೆಗಳ ಸಾಲು ಅಲ್ಲಲ್ಲಿ ತುಂಡಾಗಿ ಎತ್ತರದ ಕಾಂಪೌಂಡುಗಳು ಶುರುವಾಗುತ್ತವೆ. ಮೇಲೆ ಮುಳ್ಳುತಂತಿ, ಮೂಲೆಯಲ್ಲಿ ಕಾವಲಿನವರ ಗೂಡು, ಮತ್ತೆ ಮತ್ತೆ ಒಂದೇ ಧಾಟಿಯ ಬೋರ್ಡು: ಒಳಗೆ ಬರುವಂತಿಲ್ಲ, ಫೋಟೊ ತೆಗೆಯುವಂತಿಲ್ಲ.

ಗೋಡೆಯಾಚೆ ನಡೆಯುವ ಕೆಲಸ ಗೊತ್ತಿದ್ದವರಿಗೆ ಆ ಬೋರ್ಡು ಸಣ್ಣ ನಗೆ ತರಿಸುತ್ತದೆ. ಬೆಂಗಳೂರಿನ ಈ ಪೂರ್ವದ ಮಗ್ಗುಲು ದೇಶಕ್ಕೆ ಕಣ್ಣು ಮಾಡಿಕೊಡುವ ಜಾಗ. ವಿಮಾನಪುರದ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ರೂಪುಗೊಂಡ ಕಾರ್ಟೊಸ್ಯಾಟ್‌ಗಳು ನೂರಾರು ಕಿಲೋಮೀಟರ್ ಮೇಲಿನಿಂದ ನೆಲದ ಮೇಲಿನ ಲಾರಿಯನ್ನು ಗುರುತಿಸುತ್ತವೆ. ಸಿ.ವಿ. ರಾಮನ್ ನಗರದಲ್ಲಿ ಡಿಆರ್‌ಡಿಒದ ರಡಾರ್ ಪ್ರಯೋಗಾಲಯವಿದೆ. ಪೈಲಟ್ ಇಲ್ಲದ ಬೇಹುಗಾರಿಕೆ ವಿಮಾನ ‘ನಿಶಾಂತ್’ ಹುಟ್ಟಿದ ಸಂಸ್ಥೆಯೂ ಅಲ್ಲೇ ಇದೆ. ಆಕಾಶದಲ್ಲಿ ಸುತ್ತುತ್ತ ಶತ್ರು ವಿಮಾನವನ್ನು ದೂರದಿಂದಲೇ ಪತ್ತೆ ಹಚ್ಚುವ ವಿಮಾನವೊಂದನ್ನು ಇದೇ ಡಿಆರ್‌ಡಿಒದ ಬೆಂಗಳೂರು ಕೇಂದ್ರ ಸಜ್ಜುಗೊಳಿಸಿ 2017ರಲ್ಲಿ ವಾಯುಪಡೆಗೆ ಕೊಟ್ಟಿತು. ಅದರ ಹೆಸರೇ ‘ನೇತ್ರ’. ಪರರನ್ನು ನೋಡುವ ಯಂತ್ರ ಕಟ್ಟುವವರು ತಮ್ಮನ್ನು ಯಾರೂ ನೋಡಕೂಡದೆಂದು ಬೋರ್ಡು ನೇತುಹಾಕಿದ್ದಾರೆ. ತಪ್ಪೇನಿಲ್ಲ, ಆ ಕಸುಬಿನ ಧರ್ಮವೇ ಅದು. ಕಾಣಬೇಕು, ಕಾಣಿಸಿಕೊಳ್ಳಬಾರದು.

ಈ ಕಣ್ಣುಗಳಿಗೆಲ್ಲ ಒಬ್ಬ ಹಿರಿಯನಿದ್ದ. ಕ್ಯಾನ್‌ಬೆರಾ.

ಬ್ರಿಟನ್ನಿನ ಇಂಗ್ಲಿಷ್ ಎಲೆಕ್ಟ್ರಿಕ್ ಕಂಪನಿ ಕಟ್ಟಿದ ಈ ಜೆಟ್ ವಿಮಾನ ಮೊದಲು ಹಾರಿದ್ದು 1949ರ ಮೇ 13ರಂದು. ಎರಡೇ ವರ್ಷದಲ್ಲಿ, ದಾರಿಯಲ್ಲೆಲ್ಲೂ ಇಂಧನ ತುಂಬಿಸಿಕೊಳ್ಳದೆ ಅಟ್ಲಾಂಟಿಕ್ ದಾಟಿದ ಮೊದಲ ಜೆಟ್ ಅನ್ನಿಸಿಕೊಂಡಿತು. ಗಂಟೆಗೆ ಸುಮಾರು 930 ಕಿ.ಮೀ. ವೇಗ, ಸುಮಾರು 48,000 ಅಡಿ ಎತ್ತರ. ಐವತ್ತರ ದಶಕದ ಹೆಚ್ಚಿನ ಫೈಟರ್‌ಗಳಿಗೆ ಅದನ್ನು ಬೆನ್ನಟ್ಟಿ ಹಿಡಿಯುವುದು ಸುಲಭವಿರಲಿಲ್ಲ. 1957ರ ಜನವರಿಯಲ್ಲಿ ಭಾರತ ಕೊಟ್ಟ ಆರ್ಡರಿನಲ್ಲಿ 54 ಬಾಂಬರ್‌ಗಳು, ತರಬೇತಿಗೆಂದು 6 ವಿಮಾನಗಳು, ಜೊತೆಗೆ ಬರೀ ಚಿತ್ರ ತೆಗೆಯುವ 8 ವಿಮಾನಗಳಿದ್ದವು. ಆ ಎಂಟಕ್ಕೆ ಪಿಆರ್-57 ಎಂದು ಹೆಸರು. ವಾಯುಪಡೆಯ ಕ್ಯಾನ್‌ಬೆರಾಗಳು ಮೈ ಬಿಚ್ಚಿಸಿಕೊಂಡು ಮತ್ತೆ ಜೋಡಿಸಿಕೊಳ್ಳಲು ಬರುತ್ತಿದ್ದುದು ಎಚ್‌ಎಎಲ್‌ನ ಓವರ್‌ಹಾಲ್ ಶೆಡ್ಡಿಗೆ. 1940ರ ಡಿಸೆಂಬರಿನಲ್ಲಿ ವಾಲಚಂದ್ ಹೀರಾಚಂದರು ಮೈಸೂರು ಸರ್ಕಾರದ ಜೊತೆಗೂಡಿ ಕಟ್ಟಿದ ಕಾರ್ಖಾನೆ ಅದು. ಹಲಸೂರು, ಕೆ.ಆರ್. ಪುರದ ಕಡೆಯಿಂದ ಸೈಕಲ್ ತುಳಿದು ಶಿಫ್ಟಿಗೆ ಬರುತ್ತಿದ್ದ ಫಿಟ್ಟರ್‌ಗಳಿಗೆ ಬಾಂಬರ್ ಯಾವುದು, ಬೇಹಿನದು ಯಾವುದು ಎಂದು ಗುರುತಿಸಲು ಹೊಟ್ಟೆ ನೋಡಿದರೆ ಸಾಕಿತ್ತು. ಒಂದರ ಹೊಟ್ಟೆಯಲ್ಲಿ ಬಾಂಬಿಗೆ ಜಾಗ. ಇನ್ನೊಂದರಲ್ಲಿ ಹೆಚ್ಚುವರಿ ಇಂಧನ, ಕ್ಯಾಮೆರಾ.

ಆಯುಧವಿಲ್ಲದ ಆಯುಧ ಇದು. ಮಹಾನವಮಿಯ ದಿನ ಕಾರ್ಖಾನೆಗಳಲ್ಲಿ ಲೇತ್ ಯಂತ್ರಕ್ಕೂ ಸ್ಪ್ಯಾನರಿಗೂ ಕುಂಕುಮ ಹಚ್ಚುವ ನಮ್ಮ ಜನಕ್ಕೆ ಇದರಲ್ಲಿ ಗೊಂದಲವೇ ಕಾಣದು. ಶಿವಾಜಿನಗರದ ಗುಜರಿ ಬೀದಿಯಲ್ಲಿ ಆಟೊ ಕೂಡ ಆಯುಧ, ದರ್ಜಿಯ ಕತ್ತರಿ ಕೂಡ ಆಯುಧ. ಕೆಲಸ ಮಾಡಿಕೊಡುವುದೆಲ್ಲ ಆಯುಧವೇ. ಆದರೆ ಪೂಜೆ ಮುಗಿದು ಕುಂಬಳಕಾಯಿ ಒಡೆದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಬಾಂಬು ಹಾಕಿದವನ ಪಾಪಪುಣ್ಯದ ಲೆಕ್ಕ ಒಂದು ಬಗೆ. ಬಾಂಬು ಎಲ್ಲಿ ಹಾಕಬೇಕೆಂದು ಚಿತ್ರ ತಂದುಕೊಟ್ಟವನದು? ಅವನು ಯಾರನ್ನೂ ಮುಟ್ಟಲಿಲ್ಲ. ನೋಡಿದ, ಅಷ್ಟೆ. ನೋಡುವುದೂ ಕರ್ಮವೇ?

ನಮ್ಮ ತತ್ತ್ವಶಾಸ್ತ್ರ ಈ ಪ್ರಶ್ನೆಯನ್ನು ವಿಮಾನಗಳಿಗಿಂತ ಎರಡೂವರೆ ಸಾವಿರ ವರ್ಷ ಮೊದಲೇ ಕೈಗೆತ್ತಿಕೊಂಡಿತ್ತು. ಮುಂಡಕೋಪನಿಷತ್ತಿನಲ್ಲಿ ಒಂದು ಮರ, ಅದರ ಮೇಲೆ ಜೊತೆಗಾರ ಹಕ್ಕಿಗಳೆರಡು. ಒಂದು ಹಣ್ಣು ತಿನ್ನುತ್ತದೆ. ಇನ್ನೊಂದು ತಿನ್ನದೆ ನೋಡುತ್ತ ಕೂತಿರುತ್ತದೆ. ಈ ಎರಡನೆಯ ಹಕ್ಕಿಯ ಬಗ್ಗೆ ಆಚಾರ್ಯರು ಮಾಡಿದಷ್ಟು ಜಗಳ ಇನ್ನಾವ ಹಕ್ಕಿಯ ಬಗ್ಗೆಯೂ ಆಗಿರಲಿಕ್ಕಿಲ್ಲ. ಶಂಕರರ ಪ್ರಕಾರ ಹಕ್ಕಿ ಎರಡೆಂಬುದೇ ಕೊನೆಗೆ ಉಳಿಯದ ಮಾತು. ಮಧ್ವರಿಗೆ ಜೀವ ಬೇರೆ, ದೇವರು ಬೇರೆ ಎಂಬುದಕ್ಕೆ ಇದೇ ಮರ ಆಧಾರ. ನೋಡುವ ಹಕ್ಕಿಗೆ ಹಣ್ಣಿನ ಅಂಟು ತಾಗುವುದಿಲ್ಲ ಎಂಬಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು. ಇಂದಿರಾನಗರದಲ್ಲಿ ಸಿಎಂಎಚ್ ರಸ್ತೆ ಎಂದು ದಿನಕ್ಕೆ ಹತ್ತು ಸಲ ಹೇಳುವವರಿಗೆ ಅದು ಚಿನ್ಮಯ ಮಿಷನ್ ಆಸ್ಪತ್ರೆಯ ಹೆಸರೆಂಬುದು ಮರೆತೇಹೋಗಿದೆ. ಆ ಚಿನ್ಮಯಾನಂದರು ಊರೂರು ತಿರುಗಿ ಸಾಮಾನ್ಯರಿಗೆ ಹೇಳುತ್ತಿದ್ದ ವೇದಾಂತದ ಜೀವಾಳವೂ ಈ ಸಾಕ್ಷಿಭಾವವೇ: ನಡೆಯುವುದೆಲ್ಲ ನಡೆಯಲಿ, ನೀನು ನೋಡುವವನು.

ಸಾಕ್ಷಿಗೆ ಅಂಟಿಲ್ಲ ಎಂಬ ಈ ಭರವಸೆಯನ್ನು ಕ್ಯಾನ್‌ಬೆರಾದ ಪೈಲಟ್ಟಿಗೆ ಕೊಡಬಹುದೆ? ಅವನು ಆ ಮರದ ಮೂರನೆಯ ಹಕ್ಕಿ. ಹಣ್ಣು ತಿನ್ನುವುದಿಲ್ಲ, ಸುಮ್ಮನೆ ಕೂರುವುದೂ ಇಲ್ಲ. ಹಣ್ಣು ಯಾವ ಟೊಂಗೆಯಲ್ಲಿದೆ ಎಂದು ತಿನ್ನುವ ಹಕ್ಕಿಗೆ ಹೋಗಿ ಹೇಳುತ್ತಾನೆ. ಉಪನಿಷತ್ತಿನಲ್ಲಿ ಈ ಹಕ್ಕಿಗೆ ಜಾಗವಿಲ್ಲ. ಗೀತೆಯ ಹದಿಮೂರನೆಯ ಅಧ್ಯಾಯ ಮಾತ್ರ ಅದರ ಹತ್ತಿರ ಸುಳಿಯುತ್ತದೆ. ಅಲ್ಲಿ ದೇಹದೊಳಗಿನ ಪರಮಪುರುಷನಿಗೆ ಕೊಡುವ ಹೆಸರುಗಳಲ್ಲಿ ಹತ್ತಿರ ನಿಂತು ನೋಡುವವನು ಎಂಬುದರ ಬೆನ್ನಿಗೇ ಅನುಮತಿ ಕೊಡುವವನು ಎಂಬುದು ಬರುತ್ತದೆ. ಉಪದ್ರಷ್ಟಾ, ಅನುಮಂತಾ. ನೋಟಕ್ಕೂ ಒಪ್ಪಿಗೆಗೂ ನಡುವೆ ಒಂದು ಉಸಿರಿನಷ್ಟೂ ಅಂತರವಿಲ್ಲ.

ಕನ್ನಡ ಇನ್ನೂ ಮುಂದೆ ಹೋಗಿದೆ. ಒಳಗಿನಿಂದ ಚುಚ್ಚುವುದಕ್ಕೆ ನಾವು ಇಟ್ಟುಕೊಂಡ ಪದ ಮನಸ್ಸಾಕ್ಷಿ. ನೋಡಿಕೊಂಡು ಸುಮ್ಮನಿರುವುದು ಸಾಕ್ಷಿಯಾದರೆ ಅದು ಚುಚ್ಚಬೇಕು ಯಾಕೆ? ಮಧ್ವರ ಸಾಕ್ಷಿ ಈ ಕನ್ನಡದ ಸಾಕ್ಷಿಗೆ ಹತ್ತಿರ. ಅವರ ಮತದಲ್ಲಿ ಸಾಕ್ಷಿ ಎಂದರೆ ಜೀವನ ಸ್ವರೂಪದಲ್ಲೇ ಇರುವ ಒಂದು ಇಂದ್ರಿಯ. ಕಣ್ಣು ಕಿವಿ ತಂದ ಸುದ್ದಿ ನಿಜವೋ ಸುಳ್ಳೋ ಎಂದು ಕೊನೆಗೆ ತೀರ್ಮಾನಿಸುವುದು ಅದೇ. ಅಲ್ಲಿ ನೋಟ ತೀರ್ಪನ್ನೂ ಹೊರುತ್ತದೆ.

ಎಂ.ಜಿ. ರಸ್ತೆಯ ಮೇಯೊ ಹಾಲಿನ ಕೋರ್ಟಿಗೆ ಹೋದರೆ ಇದೇ ಮಾತು ಇನ್ನೂ ಒರಟಾಗಿ ಕೇಳಿಸುತ್ತದೆ. ಅಲ್ಲಿ ಕಣ್ಣಾರೆ ಕಂಡವನಿಗೆ ಸಮನ್ಸ್ ಹೋಗುತ್ತದೆ, ಬರದಿದ್ದರೆ ವಾರಂಟು. ಕಂಡದ್ದನ್ನು ತಿರುಚಿದರೆ ಅಪರಾಧ. ನೋಡಿದ್ದು ತಪ್ಪಲ್ಲ, ಆದರೆ ನೋಡಿದ ಕ್ಷಣದಿಂದ ನೀನು ಹೊರಗಿನವನಲ್ಲ ಎನ್ನುವುದು ಕಾನೂನಿನ ನಿಲುವು. ಅಲ್ಲಿಂದ ಒಂದೆರಡು ಕಿಲೋಮೀಟರ್ ದೂರದ ಶಿವಾಜಿನಗರದಲ್ಲಿ, ರಸೆಲ್ ಮಾರ್ಕೆಟ್ಟಿನ ಸುತ್ತಲಿನ ಮಸೀದಿಗಳ ಮದರಸಾಗಳಲ್ಲಿ, ಮಕ್ಕಳಿಗೆ ಕಿರಾಮನ್ ಕಾತಿಬೀನ್ ಬಗ್ಗೆ ಹೇಳಿಕೊಡುತ್ತಾರೆ. ಪ್ರತಿಯೊಬ್ಬನ ಎರಡು ಭುಜದ ಮೇಲೆ ಕೂತು ಮಾಡಿದ್ದನ್ನೆಲ್ಲ ಬರೆದಿಡುವ ಇಬ್ಬರು ದೇವದೂತರು ಅವರು. ನಮ್ಮ ಚಿತ್ರಗುಪ್ತನ ನೆಂಟರೆನ್ನಬಹುದು. ಅವರು ತಡೆಯುವುದಿಲ್ಲ, ಶಿಕ್ಷಿಸುವುದಿಲ್ಲ, ಬರೆಯುತ್ತಾರೆ. ಅದೇ ಕುರಾನಿನ 49ನೆಯ ಅಧ್ಯಾಯ ಮನುಷ್ಯರಿಗೆ ಮಾತ್ರ ಒಬ್ಬರ ಮೇಲೊಬ್ಬರು ಬೇಹು ನಡೆಸಬೇಡಿ ಎಂದು ತಡೆ ಹಾಕುತ್ತದೆ. ಎಲ್ಲವನ್ನೂ ನೋಡುವ ಹಕ್ಕು ನೋಡಿದ್ದಕ್ಕೆ ನ್ಯಾಯ ಸಲ್ಲಿಸಬಲ್ಲವನಿಗಷ್ಟೇ ಸೇರಿದ್ದು ಎಂಬ ಎಚ್ಚರ ಆ ತಡೆಯ ಹಿಂದೆ ಇರುವಂತಿದೆ. ರಾಜನೀತಿಗೆ ಇಂಥ ಸಂಕೋಚವಿಲ್ಲ. ಕೌಟಿಲ್ಯನ ಅರಸನಿಗೆ ಚಾರರೇ ಕಣ್ಣು.

ಇಷ್ಟಾದ ಮೇಲೆ ಜಗಮೋಹನ ನಾಥರ ಕತೆಗೆ ಬರಬಹುದು.

ಆಗ್ರಾದ 106ನೇ ಸ್ಕ್ವಾಡ್ರನ್ನಿನಲ್ಲಿದ್ದ ನಾಥ್, 1960ರಿಂದ 1962ರವರೆಗೆ ಕ್ಯಾನ್‌ಬೆರಾದಲ್ಲಿ ಅಕ್ಸಾಯ್ ಚಿನ್ ಮತ್ತು ಟಿಬೆಟ್ಟಿನ ಮೇಲೆ ಹಾರಿ ಚಿತ್ರ ತೆಗೆದರು. ವಿಮಾನದಲ್ಲಿ ಇಬ್ಬರೇ, ಪೈಲಟ್ ಮತ್ತು ನ್ಯಾವಿಗೇಟರ್. ಬಂದೂಕಿಲ್ಲ. ಬೆಟ್ಟಗಳ ನಡುವೆ ತಗ್ಗಿ ಹಾರಿ, ರಸ್ತೆ, ಡೇರೆ, ಲಾರಿಗಳ ಮೇಲೆ ಕ್ಯಾಮೆರಾ ಓಡಿಸಿ ಹಿಂದಿರುಗಬೇಕು. ತಮಾಷೆಯೆಂದರೆ ಈ ಕೆಲಸದಲ್ಲಿ ನೋಡುವವನು ನಿಜಕ್ಕೂ ನೋಡುವುದು ಕಡಿಮೆ. ಎದುರಿನ ಬೆಟ್ಟ, ಇಂಧನದ ಮುಳ್ಳು, ಗಡಿಯಾರ, ಇಷ್ಟೇ ಅವನ ಪಾಲಿಗೆ. ನೋಡುವುದು ಫಿಲ್ಮು. ಅದನ್ನು ತೊಳೆದು ಒಣಗಿಸಿದ ಮೇಲೆ ಮೇಜಿನ ಮುಂದೆ ಕೂತವರು ಜೋಡಿ ಮಸೂರದ ಸ್ಟೀರಿಯೊಸ್ಕೋಪನ್ನು ಚಿತ್ರಗಳ ಮೇಲಿಟ್ಟು ಓದುತ್ತಾರೆ. ಒಂದು ಚಿತ್ರ ಮುಂದಿನ ಚಿತ್ರದ ಅರ್ಧಕ್ಕಿಂತ ಹೆಚ್ಚು ಭಾಗದ ಮೇಲೆ ಹಾಯುವಂತೆ ತೆಗೆದಿರುವುದರಿಂದ ಎರಡನ್ನೂ ಒಟ್ಟಿಗೆ ನೋಡಿದರೆ ಚಪ್ಪಟೆ ಹಾಳೆಯಿಂದ ಗುಡ್ಡ ಎದ್ದು ನಿಲ್ಲುತ್ತದೆ, ಗುಂಡಿ ಕುಸಿಯುತ್ತದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವ ಗಾದೆಗೆ ಇದಕ್ಕಿಂತ ಒಳ್ಳೆಯ ಕಾರ್ಯಾಗಾರ ಬೇರೆ ಇಲ್ಲ.

ಚಿತ್ರಗಳು ದೆಹಲಿಗೆ ಹೋದವು. ಚೀನೀ ಪಡೆ ಜಮಾವಣೆಯಾಗುತ್ತಿತ್ತು. ಚೀನಾ ದೊಡ್ಡ ದಾಳಿಗೆ ಇಳಿಯಲಾರದು ಎಂಬ ನಂಬಿಕೆ ದೆಹಲಿಯ ಮೇಲಿನ ಕೋಣೆಗಳಲ್ಲಿ ಗಟ್ಟಿಯಾಗಿ ಕೂತಿತ್ತು. 1962ರ ಅಕ್ಟೋಬರ್ 20ರಂದು ದಾಳಿ ಆಯಿತು. ಒಂದು ತಿಂಗಳ ಆ ಯುದ್ಧದಲ್ಲಿ ವಾಯುಪಡೆಯ ಸಾಗಣೆ ವಿಮಾನಗಳು, ಹೆಲಿಕಾಪ್ಟರ್‌ಗಳು ದುಡಿದವು. ಬಾಂಬರ್, ಫೈಟರ್‌ಗಳನ್ನು ಇಳಿಸಲೇ ಇಲ್ಲ. ಟಿಬೆಟ್ಟಿನಲ್ಲಿ ಚೀನಾದ ವಾಯುಬಲ ತಮಗೆ ಕಾಣಲಿಲ್ಲ, ನಮ್ಮ ವಿಮಾನಗಳನ್ನು ಬಳಸಿದ್ದರೆ ಯುದ್ಧದ ಗತಿ ಬೇರೆಯಾಗುತ್ತಿತ್ತು ಎಂದು ನಾಥ್ ಇಳಿವಯಸ್ಸಿನ ಸಂದರ್ಶನಗಳಲ್ಲೂ ಹೇಳುತ್ತಿದ್ದರು. ಆ ಮಾತು ಸರಿಯೋ ಅಲ್ಲವೋ ಎಂಬುದು ಯುದ್ಧಶಾಸ್ತ್ರದವರ ತಕರಾರು. ಇಲ್ಲಿ ಮುಖ್ಯವಾದದ್ದು ಆ ಮಾತಿನ ಕೆಳಗಿರುವ ಸಂಕಟ. ಕಂಡದ್ದನ್ನು ತಂದುಕೊಟ್ಟವನಿಗೆ ಅದು ಏನಾಯಿತೆಂಬ ಚಿಂತೆ ಅರವತ್ತು ವರ್ಷ ಬಿಡಲಿಲ್ಲ. ಅಂಟು ತಾಗದ ಹಕ್ಕಿಯ ಲಕ್ಷಣ ಇದಲ್ಲ.

ಜೈನ ತತ್ತ್ವಶಾಸ್ತ್ರದಲ್ಲಿ ಈ ಪ್ರಸಂಗಕ್ಕೆ ಅಳತೆ ತೆಗೆದು ಹೊಲಿದಂಥ ಒಂದು ವಿಂಗಡಣೆ ಇದೆ. ಶ್ರವಣಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಸೇನಾಪತಿಯೂ ಆಗಿದ್ದನಾದ್ದರಿಂದ ಈ ನೆನಪು ತೀರ ದೂರದ್ದೂ ಅಲ್ಲ. ಜೈನರು ಜ್ಞಾನವನ್ನು ಐದು ಬಗೆ ಮಾಡುತ್ತಾರೆ: ಮತಿ, ಶ್ರುತ, ಅವಧಿ, ಮನಃಪರ್ಯಾಯ, ಕೇವಲ. ಮೂರನೆಯದಾದ ಅವಧಿಜ್ಞಾನ ಎಂದರೆ ಇಂದ್ರಿಯಗಳ ನೆರವಿಲ್ಲದೆ ದೂರದ ವಸ್ತುಗಳನ್ನು ಕಾಣುವುದು. ಅದಕ್ಕೊಂದು ಎಲ್ಲೆ ಇದೆ, ಹೆಸರೇ ಹೇಳುವ ಹಾಗೆ. ರೂಪವುಳ್ಳದ್ದನ್ನು ಮಾತ್ರ ಅದು ಕಾಣುತ್ತದೆ. ಪರರ ಮನಸ್ಸಿನಲ್ಲಿ ಇರುವುದನ್ನು ಕಾಣಲು ನಾಲ್ಕನೆಯದು ಬೇಕು. ಆಕಾಶದಿಂದ ತೆಗೆದ ಚಿತ್ರದ ಮಿತಿಯನ್ನು ಇದಕ್ಕಿಂತ ಚುಟುಕಾಗಿ ಹೇಳಲಾಗದು. ಲಾರಿ ಎಷ್ಟು, ಡೇರೆ ಎಷ್ಟು, ರಸ್ತೆ ಎಲ್ಲಿಯವರೆಗೆ ಬಂತು, ಎಲ್ಲ ಸಿಗುತ್ತದೆ. ಅವರು ಬರುತ್ತಾರೆಯೇ ಎಂಬುದು ಸಿಗುವುದಿಲ್ಲ. ಜೈನರು ಇನ್ನೂ ಒಂದು ಎಚ್ಚರಿಕೆ ಸೇರಿಸಿದ್ದಾರೆ. ಮೊದಲ ಮೂರು ಜ್ಞಾನಗಳು ಮಿಥ್ಯಾದೃಷ್ಟಿಯ ಜೊತೆ ಸೇರಿದರೆ ಕೆಡುತ್ತವೆ. ದೂರದೃಷ್ಟಿಯೂ ಕೆಡಬಹುದು, ಅದನ್ನು ಹಿಡಿದ ಮನಸ್ಸಿನಲ್ಲಿ ಮೊದಲೇ ಒಂದು ತಪ್ಪು ನಂಬಿಕೆ ಕೂತಿದ್ದರೆ. 1962ರ ದೆಹಲಿಯ ಕಡತಕ್ಕೆ ಈ ಸಾಲನ್ನು ಟಿಪ್ಪಣಿಯಾಗಿ ಅಂಟಿಸಬಹುದು.

ಅದೇ ಅಕ್ಟೋಬರಿನಲ್ಲಿ ಭೂಮಿಯ ಇನ್ನೊಂದು ಬದಿಗೆ ಇನ್ನೊಂದು ಚಿತ್ರದ ಕಟ್ಟು ಹೋಗಿತ್ತು. ಅಮೆರಿಕದ ಯು-2 ವಿಮಾನ 14ರಂದು ಕ್ಯೂಬಾದ ಮೇಲೆ ತೆಗೆದ ಸೋವಿಯತ್ ಕ್ಷಿಪಣಿಗಳ ಚಿತ್ರಗಳನ್ನು 16ರ ಬೆಳಿಗ್ಗೆ ಕೆನಡಿಯ ಮುಂದಿಟ್ಟರು. ಅವರು ನೋಡಿದರು, ನಂಬಿದರು, ಜಗಳವಾಡುತ್ತ ಕೂತರು, ಹದಿಮೂರು ದಿನ ಅಣುಯುದ್ಧದ ಅಂಚಿನಲ್ಲಿ ನಿಂತು ಹಿಂದೆ ಸರಿದರು. ಅದಕ್ಕೆ ಕಂಡವನೊಬ್ಬ ಬೆಲೆ ತೆತ್ತ. 27ರಂದು ಕ್ಯೂಬಾದ ಮೇಲೆ ಹಾರುತ್ತಿದ್ದ ಯು-2 ಕ್ಷಿಪಣಿಗೆ ಬಿದ್ದು, ಅದರ ಪೈಲಟ್ ರುಡಾಲ್ಫ್ ಆಂಡರ್‌ಸನ್ ತೀರಿಕೊಂಡರು.

ನಾಥರಿಗೆ ಮಹಾವೀರ ಚಕ್ರ ಬಂತು. 1965ರಲ್ಲಿ ಪಾಕಿಸ್ತಾನದ ಮೇಲೆ ಇದೇ ಕೆಲಸ ಮಾಡಿದ್ದಕ್ಕೆ ಎರಡನೆಯದು. ಆ ಪದಕವನ್ನು ಎರಡು ಸಲ ಪಡೆದವರು ದೇಶದಲ್ಲಿ ಬೆರಳೆಣಿಕೆಯ ಮಂದಿ. ಅವರಲ್ಲಿ ಇನ್ನೊಬ್ಬರು ಪದ್ಮನಾಭ ಗೌತಮ್, 1965ರಲ್ಲೂ 1971ರಲ್ಲೂ ಕ್ಯಾನ್‌ಬೆರಾ ಬಾಂಬರ್‌ಗಳ ದಾಳಿಗೆ ಮುಂದಾಳಾಗಿದ್ದವರು. ಒಂದೇ ವಿಮಾನದ ಎರಡು ಹೊಟ್ಟೆ, ಒಂದೇ ಪದಕ, ತಲಾ ಎರಡು. ಸರ್ಕಾರದ ಲೆಕ್ಕದಲ್ಲಿ ಕಂಡವನಿಗೂ ಹೊಡೆದವನಿಗೂ ಪುಣ್ಯದ ಪಾಲು ಸಮ. ಪುಣ್ಯದ ಪಾಲು ಸಮವಾದ ಮೇಲೆ ಇನ್ನೊಂದರ ಪಾಲು ಕಡಿಮೆ ಕೇಳುವುದು ನ್ಯಾಯವೆನ್ನಿಸುವುದಿಲ್ಲ. ಆದರೂ ಹೊಡೆದವನಿಗೆ ಆಜ್ಞೆ ಗೊತ್ತಿರುತ್ತದೆ, ಗುರಿ ಗೊತ್ತಿರುತ್ತದೆ, ಫಲವೂ ಹೆಚ್ಚುಕಡಿಮೆ ಗೊತ್ತಾಗುತ್ತದೆ. ಕಂಡವನು ಕೊಟ್ಟ ಚಿತ್ರ ಯಾರ ಕೈಗೆ ಹೋಗಿ ಏನಾಗುತ್ತದೋ ಅವನಿಗೇ ತಿಳಿಯದು. ಅಜ್ಞಾನದ ಈ ಪಾಲು ಅವನ ಹೊರೆಯನ್ನು ಹಗುರ ಮಾಡುತ್ತದೋ ಭಾರ ಮಾಡುತ್ತದೋ, ಧರ್ಮಶಾಸ್ತ್ರದ ಪಂಡಿತರು ಒಂದು ಸಂಜೆ ಕೂತು ಜಗಳವಾಡಬೇಕಾದ ವಿಷಯ.

ಮುಂದೆ ಬಂದ ವಿಮಾನಗಳು ವೇಗವನ್ನೇ ಕವಚ ಮಾಡಿಕೊಂಡವು. ಅಮೆರಿಕದ ಎಸ್‌ಆರ್-71 1976ರ ಜುಲೈ 28ರಂದು ಗಂಟೆಗೆ 3,529 ಕಿ.ಮೀ. ವೇಗದ ದಾಖಲೆ ಬರೆಯಿತು. ಕಟ್ಟಿದ 32ರಲ್ಲಿ 12 ಅಪಘಾತಗಳಲ್ಲಿ ನಾಶವಾದವು, ಶತ್ರುವಿನ ಗುಂಡಿಗೆ ಒಂದೂ ಬೀಳಲಿಲ್ಲ. ಭಾರತ 1981ರಲ್ಲಿ ಸೋವಿಯತ್ತಿನಿಂದ ತಂದ ಮಿಗ್-25 ಬೇಹುಗಾರಿಕೆ ವಿಮಾನಗಳು ಬರೇಲಿಯ 102ನೇ ಸ್ಕ್ವಾಡ್ರನ್ನಿನಲ್ಲಿದ್ದವು. ಶಬ್ದದ ಮೂರರಷ್ಟು ವೇಗದ ಆಸುಪಾಸಿನಲ್ಲಿ, ಇಪ್ಪತ್ತು ಕಿಲೋಮೀಟರಿಗೂ ಮೇಲೆ ಹಾರುತ್ತಿದ್ದ ಅವನ್ನು ಅಟ್ಟಿ ಹಿಡಿಯಬಲ್ಲ ವಿಮಾನ ಈ ಭಾಗದಲ್ಲಿರಲಿಲ್ಲ. 1997ರ ಮೇ ತಿಂಗಳಲ್ಲಿ ಇಸ್ಲಾಮಾಬಾದಿನ ಸುತ್ತ ಕೇಳಿಸಿದ ಸಿಡಿಲಿನಂಥ ಸದ್ದು ಇಂಥದೊಂದು ವಿಮಾನದ್ದೆಂದು ಪಾಕಿಸ್ತಾನ ದೂರಿತ್ತು.

ನಮ್ಮ ವಾಯುಪಡೆ ಅದಕ್ಕಿಟ್ಟ ಹೆಸರು ‘ಗರುಡ’. ಹೆಸರಿಟ್ಟವರು ವೇಗವನ್ನಷ್ಟೇ ನೆನೆದಿರಬಹುದು, ಆದರೆ ಹೆಸರು ಅದಕ್ಕಿಂತ ಆಳಕ್ಕೆ ತಾಗುತ್ತದೆ. ಆದಿಪರ್ವದ ಗರುಡ ದೇವಲೋಕದ ಕಾವಲನ್ನೆಲ್ಲ ಮುರಿದು ಅಮೃತದ ಕಲಶ ಹೊತ್ತು ತಂದ. ದಾರಿಯಲ್ಲಿ ಒಂದು ಹನಿಯನ್ನೂ ಬಾಯಿಗೆ ಹಾಕಲಿಲ್ಲ. ವಿಷ್ಣು ಮೆಚ್ಚಿದ್ದು ಆ ರೆಕ್ಕೆಯ ಬಲಕ್ಕಿಂತ ಹೆಚ್ಚಾಗಿ ಈ ನಿಃಸ್ಪೃಹತೆಗೆ. ಫಿಲ್ಮಿನ ಸುರುಳಿಯನ್ನು ಬಿಚ್ಚದೆ ತಂದೊಪ್ಪಿಸುವ ಪೈಲಟ್ಟಿನ ಕೆಲಸವೂ ಹೀಗೇ. ಆದರೆ ಗರುಡ ಅಮೃತ ತಂದದ್ದು ತಾಯಿಯ ದಾಸ್ಯ ಬಿಡಿಸಲು, ಒಪ್ಪಿಸಿದ್ದು ಹಾವುಗಳಿಗೆ. ಹಾವುಗಳ ಕೈಗೆ ಅಮೃತ ಸಿಕ್ಕಿದರೆ ಏನಾದೀತೆಂಬ ಯೋಚನೆ ಅವನಿಗೂ ಇತ್ತು; ದರ್ಭೆಯ ಮೇಲೆ ಇಟ್ಟು ಸ್ನಾನ ಮಾಡಿ ಬನ್ನಿ ಎಂದ, ಅಷ್ಟರಲ್ಲಿ ಇಂದ್ರ ಎತ್ತಿಕೊಂಡು ಹೋದ. ತಂದದ್ದು ಯಾರ ಪಾಲಾಗಬೇಕೆಂದು ಯೋಚಿಸಿದ ಬೇಹುಗಾರ ಆ ಹಕ್ಕಿ. ವಾಯುಪಡೆಯ ಗರುಡನಿಗೆ ಅಷ್ಟು ಸ್ವಾತಂತ್ರ್ಯವಿರಲಿಲ್ಲ.

ಕ್ಯಾನ್‌ಬೆರಾಕ್ಕೆ ಅಂಥ ವೇಗದ ಕವಚ ಕೊನೆಯವರೆಗೂ ಇರಲಿಲ್ಲ. 1959ರ ಏಪ್ರಿಲ್ 10ರಂದು, ಈದ್ ಹಬ್ಬದ ದಿನ, ರಾವಲ್ಪಿಂಡಿಯ ಮೇಲೆ ಹೋಗಿದ್ದ ಭಾರತದ ಕ್ಯಾನ್‌ಬೆರಾವನ್ನು ಪಾಕಿಸ್ತಾನದ ಸೇಬರ್ ಫೈಟರ್ ಉರುಳಿಸಿತು. ಪೈಲಟ್ ಸೇನ್‌ಗುಪ್ತ, ನ್ಯಾವಿಗೇಟರ್ ರಾಮ್‌ಪಾಲ್ ಹೊರಕ್ಕೆ ಹಾರಿ ಬದುಕಿ ಸೆರೆಸಿಕ್ಕರು, ಆಮೇಲೆ ಬಿಡುಗಡೆಯಾಗಿ ಬಂದರು. ನಲವತ್ತು ವರ್ಷದ ನಂತರ, 1999ರ ಮೇ 21ರಂದು, ಕಾರ್ಗಿಲ್ ಬೆಟ್ಟಗಳಲ್ಲಿ ಯಾರು ಕೂತಿದ್ದಾರೆಂದು ನೋಡಲು ಹೋದದ್ದೂ ಇದೇ ಮುದಿ ವಿಮಾನ. ಭುಜದ ಮೇಲಿಟ್ಟು ಹಾರಿಸುವ ಸ್ಟಿಂಗರ್ ಕ್ಷಿಪಣಿ ಬಲಗಡೆಯ ಎಂಜಿನ್ನಿಗೆ ಬಡಿಯಿತು. ಉಳಿದ ಒಂದೇ ಎಂಜಿನ್ನಿನಲ್ಲಿ ಅದು ತೆವಳಿಕೊಂಡು ನೆಲೆ ಸೇರಿತು. ಬೆಟ್ಟದ ಮೇಲೆ ಯಾರೋ ಇದ್ದಾರೆಂಬುದಕ್ಕೆ ಚಿತ್ರಕ್ಕಿಂತ ಖಚಿತವಾದ ಪುರಾವೆಯನ್ನು ಮೈಮೇಲೆ ಹೊತ್ತು ತಂದಿತ್ತು.

ಇಲ್ಲಿ ಒಂದು ಮಾತು ಹೇಳಲೇಬೇಕು. ನೋಡುವವನಿಗೆ ಅಂಟಿಲ್ಲ ಎಂಬ ಮಾತನ್ನು ಈ ವಿಮಾನಗಳ ಮಟ್ಟಿಗೆ ಸುಳ್ಳು ಮಾಡಿದ್ದು ಯಾವ ಶಾಸ್ತ್ರವೂ ಅಲ್ಲ, ಒಳಗೆ ಕೂತ ಇಬ್ಬರ ಮೈ. ಕಾಣಬೇಕಾದರೆ ಕಾಣಿಸಿಕೊಳ್ಳುವ ಅಪಾಯಕ್ಕೆ ಒಡ್ಡಿಕೊಳ್ಳಬೇಕಿತ್ತು. ಕೆಳಗಿನವನಿಗೂ ಮೇಲಿನವನನ್ನು ಕಂಡು, ಬೈದು, ಹೊಡೆದು, ಹಿಡಿದು, ಕೊನೆಗೆ ಒಂದು ಲೋಟ ಚಹಾ ಕೊಟ್ಟು ವಿಚಾರಿಸುವ ಅವಕಾಶ ಇತ್ತು. ಪಾಲು ಎಷ್ಟೆಂಬುದು ಇತ್ಯರ್ಥವಾಗದಿದ್ದರೂ ಪಾಲು ಇದೆಯೆಂಬುದಕ್ಕೆ ಆ ಅಪಾಯವೇ ಜಾಮೀನು.

2006ರ ಮೇ ತಿಂಗಳಲ್ಲಿ ಮಿಗ್-25 ನಿವೃತ್ತವಾಯಿತು. 2007ರ ಮೇ 11ರಂದು ಕ್ಯಾನ್‌ಬೆರಾ. ಸರಿಯಾಗಿ ಐವತ್ತು ವರ್ಷದ ಸೇವೆ. ಅದಕ್ಕೆ ನಾಲ್ಕು ತಿಂಗಳು ಮೊದಲು, ಜನವರಿ 10ರಂದು, ಬೆಂಗಳೂರಿನ ಕಾರ್ಟೊಸ್ಯಾಟ್-2 ಶ್ರೀಹರಿಕೋಟಾದಿಂದ ಮೇಲೇರಿತ್ತು. ಒಂದು ಮೀಟರಿಗಿಂತ ಚಿಕ್ಕ ವಿವರವನ್ನೂ ಬಿಡಿಸಿ ತೋರಿಸುವ ಕ್ಯಾಮೆರಾ, ಸುಮಾರು 630 ಕಿ.ಮೀ. ಎತ್ತರ, ಸೆಕೆಂಡಿಗೆ ಏಳೂವರೆ ಕಿಲೋಮೀಟರಿನ ಓಟ. ಎಸ್‌ಆರ್-71ರ ದಾಖಲೆ ಅದರ ಮುಂದೆ ಎತ್ತಿನ ಗಾಡಿ. ಉಪಗ್ರಹಗಳು ನೆರೆ ಬಂದ ಊರನ್ನೂ ಒಣಗಿದ ಕೆರೆಯನ್ನೂ ನೋಡಿ ಹೇಳುತ್ತವೆ, ಅದು ಸಣ್ಣ ಉಪಕಾರವಲ್ಲ. ಆದರೆ ಅದರೊಳಗೆ ಯಾರೂ ಕೂತಿಲ್ಲ. ಅದನ್ನು ನಡೆಸುವವರು ಸಂಜೆ ಶಿಫ್ಟು ಮುಗಿಸಿ ತಿಪ್ಪಸಂದ್ರದ ತರಕಾರಿ ಅಂಗಡಿಯಲ್ಲಿ ಕೊತ್ತಂಬರಿ ಕಟ್ಟಿಗೆ ಚೌಕಾಸಿ ಮಾಡಬಹುದು. ಮುಂಡಕದ ಎರಡನೆಯ ಹಕ್ಕಿ ಕೊನೆಗೂ ಸಿಕ್ಕಿತೆಂದು ತೋರುತ್ತದೆ. ತಿನ್ನದ, ನೋಯದ, ಯಾರಿಗೂ ಸಿಗದ ಸಾಕ್ಷಿ. ಋಷಿ ಅದನ್ನು ದೇವರಿಗೆ ಮೀಸಲಿಟ್ಟಿದ್ದ.

ಅದೇ ತಿಪ್ಪಸಂದ್ರದ ಪಕ್ಕದಲ್ಲಿ, ಹಳೇ ಏರ್‌ಪೋರ್ಟ್ ರಸ್ತೆಯಿಂದ ಹಳೇ ಮದ್ರಾಸ್ ರಸ್ತೆಗೆ ಹೋಗುವ ದಾರಿಗೆ ಸುರಂಜನ್ ದಾಸ್ ಎಂದು ಹೆಸರು. 1961ರಲ್ಲಿ ಎಚ್‌ಎಎಲ್‌ನ ‘ಮರುತ್’ ಯುದ್ಧವಿಮಾನವನ್ನು ಮೊದಲು ಹಾರಿಸಿ, 1970ರ ಜನವರಿ 10ರಂದು ಅದರದೇ ಸುಧಾರಿತ ಮಾದರಿಯ ಪರೀಕ್ಷೆಯಲ್ಲಿ ತೀರಿಕೊಂಡವರು ಅವರು. ಪೈಲಟ್ಟುಗಳ ಹೆಸರಿನಲ್ಲಿ ರಸ್ತೆಗಳಿರುತ್ತವೆ. ಉಪಗ್ರಹದ ಕಂಪ್ಯೂಟರಿಗೆ ಕೂತವರ ಹೆಸರಿನಲ್ಲಿ ರಸ್ತೆ ಇಡುವ ಸಂದರ್ಭ ಬರುವುದಿಲ್ಲ, ಬರದಿರಲಿ ಎಂದೇ ಹಾರೈಸಬೇಕು.

2025ರ ಜನವರಿಯಲ್ಲಿ ಭೂಸೇನೆಯ ಹೊಸ ರಣರಂಗ ನಿಗಾ ವ್ಯವಸ್ಥೆಗೆ ಚಾಲನೆ ಸಿಕ್ಕಿತು. ನೆಲದ, ಆಕಾಶದ ಎಲ್ಲ ಸಂವೇದಕಗಳ ಸುದ್ದಿಯನ್ನು ಒಂದೇ ಪರದೆಗೆ ತರುವ ಆ ವ್ಯವಸ್ಥೆಯನ್ನು ಸೇನೆಯ ಜೊತೆ ರೂಪಿಸಿದ್ದು, ಮುಖ್ಯ ಕಚೇರಿ ಬೆಂಗಳೂರಿನಲ್ಲೇ ಇರುವ ಬಿಇಎಲ್. ಅದರ ಹೆಸರು ‘ಸಂಜಯ್’. ಯುದ್ಧವನ್ನು ದೂರದಿಂದ ಕಂಡು ಅರಸನಿಗೆ ಹೇಳಿದವನ ಹೆಸರು ಚೆನ್ನಾಗಿಯೇ ಒಪ್ಪುತ್ತದೆ. ಆ ಹೆಸರಿನ ಜೊತೆಗೆ ಎದುರು ಕೂತು ಕೇಳಿಸಿಕೊಳ್ಳುವವನ ಪಾತ್ರವೂ ಬರುತ್ತದೆ ಎಂಬುದನ್ನು ಹೆಸರಿಟ್ಟವರು ಯೋಚಿಸಿದರೋ ಇಲ್ಲವೋ. ವ್ಯಾಸರು ದಿವ್ಯದೃಷ್ಟಿ ಕೊಡುತ್ತೇನೆಂದು ಮೊದಲು ಕೇಳಿದ್ದು ಧೃತರಾಷ್ಟ್ರನನ್ನು. ಬಂಧುಗಳ ಸಾವು ಕಣ್ಣಿಂದ ನೋಡಲಾರೆ, ಕಿವಿಯಿಂದ ಕೇಳಿದರೆ ಸಾಕು ಎಂದ ಅವನು. ಕಣ್ಣು ಬಂದಾಗ ಬೇಡವೆಂದ ಕುರುಡ.

ನಮ್ಮಲ್ಲಿ ಗಮಕ ಕೇಳಿ ಬೆಳೆದವರಿಗೆ ಸಂಜಯನ ಕೊನೆ ಗೊತ್ತಿರುವುದು ಕಡಿಮೆ. ಗದುಗಿನ ನಾರಣಪ್ಪ ಗದಾಪರ್ವಕ್ಕೇ ಕತೆ ನಿಲ್ಲಿಸಿದ. ವ್ಯಾಸಭಾರತದಲ್ಲಿ ಸಂಜಯ ಅರಮನೆಯಲ್ಲಿ ಕೂತು ಟೀವಿ ನೋಡಿದವನಲ್ಲ. ರಣರಂಗಕ್ಕೆ ಹೋಗುತ್ತಿದ್ದ, ಬರುತ್ತಿದ್ದ. ಹದಿನೆಂಟನೆಯ ದಿನ ಪಾಂಡವರ ಕಡೆಯವರ ಕೈಗೆ ಸಿಕ್ಕಿಬಿದ್ದ. ಸಾತ್ಯಕಿ ಕತ್ತಿ ಎತ್ತಿದ್ದ, ವ್ಯಾಸರು ಬಂದು ಬಿಡಿಸಿದರು. ದುರ್ಯೋಧನ ಸತ್ತ ಮೇಲೆ ಅವನ ದಿವ್ಯದೃಷ್ಟಿ ಹೋಯಿತು. ಕಾಣುವುದಕ್ಕೆ ಇನ್ನೇನೂ ಉಳಿಯದ ಕಣ್ಣು ಮಾಮೂಲಿ ಕಣ್ಣಾಯಿತು. ಆದರೂ ಅವನು ಅರಸನನ್ನು ಬಿಟ್ಟು ಹೋಗಲಿಲ್ಲ. ಮುಂದೆ ಧೃತರಾಷ್ಟ್ರ, ಗಾಂಧಾರಿ, ಕುಂತಿ ಕಾಡಿಗೆ ಹೊರಟಾಗ ಜೊತೆಗೆ ನಡೆದ. ಏರುಪೇರಿನ ದಾರಿಯಲ್ಲಿ ಮುದುಕನ ಕೈ ಹಿಡಿದ. ಕಾಡ್ಗಿಚ್ಚು ಸುತ್ತಿಕೊಂಡ ದಿನವೂ ಅವನು ಪಕ್ಕದಲ್ಲೇ ಇದ್ದ. ಧೃತರಾಷ್ಟ್ರ ಏಳಲಿಲ್ಲ, ನೀನು ಹೋಗು ಎಂದ. ಸಂಜಯ ಬೆಂಕಿಯಿಂದ ಹೊರಬಂದು, ಗಂಗೆಯ ತೀರದ ತಾಪಸರಿಗೆ ನಡೆದದ್ದನ್ನೆಲ್ಲ ತಿಳಿಸಿ, ಒಬ್ಬನೇ ಹಿಮಾಲಯದ ಕಡೆಗೆ ನಡೆದುಹೋದ.